ಮಡಿ ಕಾರು, ಮೈಲಿಗೆ ಪಂಪು

ಬಾನೆಟ್ ಎತ್ತಿ ನಿಲ್ಲಿಸಿದ ಕಾರೊಂದನ್ನು ಕಂಡು ಸುಮ್ಮನೆ ದಾಟಿ ಹೋಗುವ ಗಂಡಸನ್ನು ನಾನು ಈವರೆಗೆ ಕಂಡಿಲ್ಲ. ಮನೆಗೆ ಹಾಲಿನ ಪ್ಯಾಕೆಟ್ಟು ಒಯ್ಯುತ್ತಿರುವವನು, ಆಫೀಸಿಗೆ ತಡವಾದವನು, ಜನ್ಮದಲ್ಲಿ ಸೈಕಲ್ಲಿನ ಚೈನನ್ನೂ ಏರಿಸಿ ಅರಿಯದವನು, ಎಲ್ಲರೂ ಅಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಾವಿಗೆ ಬಿದ್ದ ಬಿಂದಿಗೆಯನ್ನು ಹುಡುಕುವವರಂತೆ ಬಗ್ಗಿ ನೋಡಿ, ‘ಬ್ಯಾಟರಿ ಇರಬೇಕು’ ಎಂಬ ಅಭಿಪ್ರಾಯವನ್ನು ದಯಪಾಲಿಸಿಯೇ ಮುಂದುವರಿಯುತ್ತಾರೆ. ಹೆಂಗಸರು ಹಾಗಲ್ಲ. ಅವರು ಬಾನೆಟ್ಟಿನತ್ತ ಕಣ್ಣು ಹಾಯಿಸುವುದೇ ಇಲ್ಲ; ಪಕ್ಕದಲ್ಲಿ ನಿಂತಿರುವ, ಆ ಕಾರಿನ ಒಡೆಯನ ಹೆಂಡತಿಯ ಮುಖ ನೋಡುತ್ತಾರೆ. ನನ್ನ ಹೆಂಡತಿ ವಿಮಲ ತೊಂಬತ್ತರ ದಶಕದ ಬಹುಭಾಗವನ್ನು ಹೀಗೆ ಅಪರಿಚಿತ ಹೆಂಗಸರ ಅನುಕಂಪವನ್ನು ಸ್ವೀಕರಿಸುತ್ತ ಕಳೆದಳು. ಅದಕ್ಕೆ ಕಾರಣ ನಾನು. ನನಗೆ ಕಾರಣ, ಒಂದು ಹಳೆಯ ಜರ್ಮನ್ ಕಾರು.

ಅದರ ಕಂಪನಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವು ನನ್ನನ್ನು ಸಿರಿವಂತನೆಂದು ಭಾವಿಸುವ ಅಪಾಯವಿದೆ, ಮತ್ತು ಆ ಅಪಾರ್ಥದ ಫಲವನ್ನು ನಾನು ಸಾಕಷ್ಟು ಉಂಡಿದ್ದೇನೆ. ಜೀವನ್ ಬಿಮಾ ನಗರದ ನಮ್ಮ ಬೀದಿಯಲ್ಲಿ ಸ್ಕೂಟರುಗಳೇ ಬಹುಸಂಖ್ಯಾತರಾಗಿದ್ದ ಕಾಲ ಅದು. ನನ್ನ ಕಾರು ಬಂದ ತಿಂಗಳೇ ಬೀದಿಯ ಗಣೇಶೋತ್ಸವ ಸಮಿತಿ ನನ್ನನ್ನು ಸರ್ವಾನುಮತದಿಂದ ಗೌರವಾಧ್ಯಕ್ಷನನ್ನಾಗಿ ಆರಿಸಿ, ಆ ಗೌರವಕ್ಕೆ ತಕ್ಕ ಚಂದಾ ಕೇಳಲು ಮನೆ ಬಾಗಿಲಿಗೆ ಬಂದಿತು. ಕಾರು ಬಂದದ್ದಾದರೂ ಹೇಗೆ? ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರ ಷೆಡ್ಡಿನಲ್ಲಿ ಕೋಳಿಗಳ ವಸತಿಗೃಹವಾಗಿದ್ದ ಅದನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದದ್ದು. ವಿಮಾ ಕಚೇರಿಯಲ್ಲಿ ಕೂತು, ಬರಬಹುದಾದ ಆಪತ್ತುಗಳ ಬಗ್ಗೆ ಊರಿಗೆಲ್ಲ ಬುದ್ಧಿ ಹೇಳುವ ನಾನು ಆಪತ್ತಿಗೆ ಹಗ್ಗ ಕಟ್ಟಿ ಮನೆಗೆ ಎಳೆತಂದದ್ದನ್ನು ವಿಮಲ ಗೇಟಿನಲ್ಲಿ ನಿಂತು ನೋಡಿದಳು. ‘ಕೋಳಿ ಎಲ್ಲಿ?’ ಎಂದಷ್ಟೇ ಕೇಳಿದಳು.

ಆ ಕಾರನ್ನು ಬಂದ ದಿನದಿಂದಲೇ ಮೆಚ್ಚಿದವಳು ನಮ್ಮ ಮನೆಯಲ್ಲಿ ಒಬ್ಬಳೇ: ವಿಮಲಳ ತಂಗಿ ಶೈಲ. ಅತ್ತೆ ಮಾವ ಇಬ್ಬರೂ ತೀರಿಕೊಂಡ ಮೇಲೆ ಅವಳು ಎರಡು ಜಡೆಯ ಹುಡುಗಿಯಾಗಿ ನಮ್ಮ ಮನೆಗೆ ಬಂದಳು, ನಮ್ಮಲ್ಲೇ ಬೆಳೆದಳು. ನಮ್ಮದೋ ಎರಡು ಕೋಣೆಯ ಮನೆ, ಒಂದರಲ್ಲಿ ಟಿ.ವಿ., ಇನ್ನೊಂದರಲ್ಲಿ ಟಿ.ವಿ.ಯ ಸದ್ದು. ಶೈಲ ತನ್ನ ಪುಸ್ತಕ, ದಿಂಬು, ಒಂದು ಡಬ್ಬಿ ಕಡಲೆಪುರಿ ತೆಗೆದುಕೊಂಡು ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ನೀಡಿ ಕೂತುಬಿಡುತ್ತಿದ್ದಳು. ಪಿ.ಯು.ಸಿ.ಯಿಂದ ಬಿ.ಕಾಂ.ವರೆಗಿನ ಅವಳ ವಿದ್ಯಾಭ್ಯಾಸವೆಲ್ಲ ಆ ಸೀಟಿನಲ್ಲೇ ನಡೆಯಿತು. ಓಡುವ ಕಾರಿನಲ್ಲಿ ಇಂಥ ಏಕಾಗ್ರತೆ ಸಾಧ್ಯವಿರಲಿಲ್ಲ. ಕಾರು ನಿಂತಲ್ಲೇ ನಿಂತು ಒಂದು ಹುಡುಗಿಯನ್ನು ಪದವೀಧರೆಯನ್ನಾಗಿ ಮಾಡಿತೆಂದು ನಾನು ಸಂದರ್ಭ ಬಂದಾಗಲೆಲ್ಲ ವಿಮಲಳಿಗೆ ಜ್ಞಾಪಿಸುತ್ತಿದ್ದೆ. ಆ ಕೆಲಸಕ್ಕೆ ಒಂದು ಕುರ್ಚಿ ಸಾಕಿತ್ತು ಎಂದು ಅವಳು ಜ್ಞಾಪಿಸುತ್ತಿದ್ದಳು.

ಈ ವ್ಯಸನ ನನ್ನೊಬ್ಬನದೇ ಆಗಿದ್ದರೆ ಎಂದೋ ವಾಸಿಯಾಗುತ್ತಿತ್ತೋ ಏನೋ. ಆದರೆ ಊರಿನ ಪೂರ್ವಭಾಗದಲ್ಲಿ ಇಂಥವರ ಒಂದು ಪುಟ್ಟ ಸಮುದಾಯವೇ ಇತ್ತು. ಭಾನುವಾರ ಬೆಳಿಗ್ಗೆ ಹಲಸೂರು ಕೆರೆಯ ಬಳಿ ನಾವು ಸೇರುತ್ತಿದ್ದೆವು. ಬರಲು ಸಾಧ್ಯವಾದವರು ಕಾರಿನಲ್ಲಿ, ಉಳಿದವರು ಆಟೋದಲ್ಲಿ. ನಮ್ಮಲ್ಲೂ ಎರಡು ಪಂಥಗಳಿದ್ದವು. ಮೊದಲನೆಯವರು ಮಾರ್ಪಾಡಿನವರು: ಇವರು ಕಾರಿನ ಸೀಟು ಕಿತ್ತು ಬೇರೆ ಸೀಟು, ಸ್ಟೇರಿಂಗ್ ಕಿತ್ತು ಬೇರೆ ಸ್ಟೇರಿಂಗ್, ಹಾರ್ನ್ ಕಿತ್ತು ಲಾರಿಯ ಹಾರ್ನ್ ಹಾಕಿ, ಕೊನೆಗೆ ಮೂತಿಯ ಮೇಲಿನ ಲಾಂಛನದ ಹೊರತು ಬೇರಾವುದೂ ಜರ್ಮನಿಯನ್ನು ನೆನಪಿಸದಂತೆ ಮಾಡಿ, ಆ ಲಾಂಛನವೂ ಶಿವಾಜಿನಗರದ್ದೇ ಎಂಬುದನ್ನು ಮರೆತು ಹೆಮ್ಮೆಯಿಂದ ತಿರುಗುವವರು. ಎರಡನೆಯವರು ನಾವು, ಶುದ್ಧಿಯವರು. ಹುಟ್ಟುವಾಗ ಯಾವ ಸ್ಕ್ರೂ ಎಲ್ಲಿತ್ತೋ ಅಲ್ಲಿ ಅದೇ ಸ್ಕ್ರೂ ಇರಬೇಕು, ಇಲ್ಲವೇ ಆ ಜಾಗ ಖಾಲಿಯಿರಬೇಕು. ನಮ್ಮ ಬೀಜಮಂತ್ರ ‘ಒರಿಜಿನಲ್’. ನನ್ನ ಅಜ್ಜಿ ಮಡಿಯುಟ್ಟು ಅಡುಗೆಮನೆಯಲ್ಲಿದ್ದಾಗ ನಮ್ಮನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ; ನಾವು ಹುಡುಗರು ಅವಳನ್ನು ಗೇಲಿ ಮಾಡುತ್ತಿದ್ದೆವು. ಅದೇ ನಾನು ದೊಡ್ಡವನಾಗಿ, ನಾಲ್ಕಕ್ಷರ ಕಲಿತು, ಮಡಿಯನ್ನು ಅಡುಗೆಮನೆಯಿಂದ ತೆಗೆದು ಬಾನೆಟ್ಟಿನ ಕೆಳಗೆ ಪ್ರತಿಷ್ಠಾಪಿಸಿದೆ.

ಈ ಮಡಿಗೆ ಒಂದು ದೊಡ್ಡ ಕುಂದು ಇತ್ತು, ಮತ್ತು ಅದು ಶಿವಾಜಿನಗರದಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನ ಕಾರಿನ ಡೀಸೆಲ್ ಇಂಜಿನ್ನನ್ನೇ ನಮ್ಮ ದೇಶದಲ್ಲಿ ಪರವಾನಗಿ ಪಡೆದು ತಯಾರಿಸಿ, ನಾವೆಲ್ಲ ಮೆಟಡಾರ್ ಎಂದು ಕರೆಯುವ ವ್ಯಾನುಗಳಿಗೆ ಕೂರಿಸುತ್ತಿದ್ದರು. ತರಕಾರಿ, ಶಾಮಿಯಾನ, ಶಾಲೆಯ ಮಕ್ಕಳು, ಮದುವೆಯ ಪಾತ್ರೆ, ಕೊನೆಗೆ ಹೆಣ, ಎಲ್ಲವನ್ನೂ ಹೊತ್ತು ಹಳೆ ಮದ್ರಾಸ್ ರಸ್ತೆಯಲ್ಲಿ ಹಗಲಿರುಳು ಓಡುತ್ತಿದ್ದುದು ನನ್ನ ಕಾರಿನ ಒಡಹುಟ್ಟಿದ ಇಂಜಿನ್ನು. ಆ ವ್ಯಾನಿನ ಬಿಡಿಭಾಗಗಳು ಯಾವ ಅಂಗಡಿಯಲ್ಲೂ ಸಿಗುತ್ತಿದ್ದವು. ನಾನು ಮಾತ್ರ ಆ ಅಂಗಡಿಗಳ ಮುಂದೆ ತಲೆ ತಗ್ಗಿಸಿ ಹಾದುಹೋಗಿ, ಸಹೋದ್ಯೋಗಿಯೊಬ್ಬರ, ಜರ್ಮನಿಯಲ್ಲಿದ್ದ ಭಾವಮೈದುನ ರಜೆಗೆ ಬರುವುದನ್ನೇ ಚಾತಕದಂತೆ ಕಾಯುತ್ತಿದ್ದೆ. ಒಮ್ಮೆ ಆ ಪುಣ್ಯಾತ್ಮ ತಂದುಕೊಟ್ಟ ಡಬ್ಬಿಯನ್ನು ಬಿಚ್ಚಿ ನೋಡಿದರೆ ಒಳಗಿನ, ಡೀಸೆಲ್ ಚಿಮ್ಮಿಸುವ ನಾಜಲ್ಲಿನ ಮೇಲೆ ‘ಭಾರತದಲ್ಲಿ ತಯಾರಾದದ್ದು’ ಎಂದು ಇಂಗ್ಲಿಷಿನಲ್ಲಿ ಕೊರೆದಿತ್ತು! ವಿಚಾರಿಸಿದಾಗ ಅದು ನಮ್ಮೂರಿನಲ್ಲೇ, ನಮ್ಮ ಮನೆಯಿಂದ ಒಂದೇ ಬಸ್ಸಿನ ದೂರದ ಕಾರ್ಖಾನೆಯಲ್ಲಿ ತಯಾರಾಗಿ ರಫ್ತಾದ ಮಾಲೆಂದು ತಿಳಿಯಿತು. ಆದರೂ ನಾನು ಎದೆಗುಂದಲಿಲ್ಲ. ಹಿಂದೆ ಸಮುದ್ರ ದಾಟಿದವರಿಗೆ ಪ್ರಾಯಶ್ಚಿತ್ತ ಮಾಡಿಸುತ್ತಿದ್ದರಂತೆ. ನಮ್ಮ ಪಂಥದಲ್ಲಿ ಸಮುದ್ರ ದಾಟದ ವಸ್ತುವಿಗೆ ಪ್ರಾಯಶ್ಚಿತ್ತವೂ ಇರಲಿಲ್ಲ. ಎರಡು ಸಲ ಸಮುದ್ರ ದಾಟಿ ಬಂದ ಆ ನಾಜಲ್ಲು ದುಪ್ಪಟ್ಟು ಪವಿತ್ರವೆಂದು ನಿರ್ಧರಿಸಿ ಭಕ್ತಿಯಿಂದ ಹಾಕಿಸಿದೆ.

ಹಾಕಿದವನು ಅಫ್ಜಲ್ ಭಾಯಿ. ಶಿವಾಜಿನಗರದ ಸಂದಿಯೊಂದರಲ್ಲಿ ಅವನ ಗ್ಯಾರೇಜು. ಹೇಳಿದ ದಿನಕ್ಕೆ ಗಾಡಿ ಕೊಟ್ಟ ನಿದರ್ಶನ ಅವನ ಇತಿಹಾಸದಲ್ಲಿಲ್ಲ; ಎದುರಿಗಿದ್ದ ಗಿರಾಕಿಯ ಕಾರೇ ಇಡೀ ಬೆಂಗಳೂರಿನಲ್ಲಿ ನಂಬರ್ ಒನ್ ಎಂದು ಎಲ್ಲರಿಗೂ ಹೇಳುತ್ತಿದ್ದ, ಮತ್ತು ನಾವೆಲ್ಲರೂ ಅದನ್ನು ನಂಬುತ್ತಿದ್ದೆವು. ಅವನಿಗೆ ನನ್ನ ಮಡಿ ಅರ್ಥವಾಗುತ್ತಿರಲಿಲ್ಲ, ಆದರೆ ಗಿರಾಕಿಯ ಹುಚ್ಚನ್ನು ಗೌರವಿಸುವ ವ್ಯಾಪಾರಧರ್ಮ ಅವನಲ್ಲಿತ್ತು.

ಹೀಗಿರುವಾಗ ಶೈಲಳ ಮದುವೆ ಗೊತ್ತಾಯಿತು. ಹುಡುಗ ಕೋಲಾರದವನು. ಅವನ ಅಜ್ಜಿ ಹಾಸಿಗೆ ಹಿಡಿದಿದ್ದರಿಂದ ಮದುವೆ ಅವರ ಊರಿನ ಛತ್ರದಲ್ಲೇ, ಅದೂ ಒಂದೇ ದಿನದ್ದು, ಮಧ್ಯಾಹ್ನದ ಅಭಿಜಿನ್ ಮುಹೂರ್ತಕ್ಕೆ ಎಂದಾಯಿತು. ಅಪ್ಪ ಅಮ್ಮ ಇಲ್ಲದ ಹುಡುಗಿ. ಧಾರೆ ಎರೆದು ಕೊಡಬೇಕಾದವರು ವಿಮಲ ಮತ್ತು ನಾನು. ವಿಮಲ ಈ ಮದುವೆಗಾಗಿ ವರ್ಷಗಳಿಂದ ಒಂದೊಂದೇ ಪಾತ್ರೆ, ಒಂದೊಂದೇ ಸೀರೆ ಕೂಡಿಸಿಟ್ಟಿದ್ದಳು. ತಾಯಿ ಇಲ್ಲದ್ದರಿಂದ ತಂಗಿಯ ಮದುವೆಯಲ್ಲಿ ಹೀಗಾಯಿತು ಎಂದು ಯಾರೂ ಒಂದು ಮಾತೂ ಆಡಬಾರದೆಂಬುದು ಅವಳ ಹಟ. ನೆಂಟರೆಲ್ಲ ಮುಂಚಿತವಾಗಿ ಬಸ್ಸಿನಲ್ಲಿ ಹೋಗುವುದು, ಮದುಮಗಳೊಂದಿಗೆ ನಾವಿಬ್ಬರು ಟ್ಯಾಕ್ಸಿ ಮಾಡಿಕೊಂಡು ಹೋಗುವುದು ಎಂದು ಅವಳು ತೀರ್ಮಾನಿಸಿದಳು. ಮನೆಯಲ್ಲಿ ಜರ್ಮನ್ ಕಾರು ಇಟ್ಟುಕೊಂಡು ಬಾಡಿಗೆ ಟ್ಯಾಕ್ಸಿಯೇ ಎಂದು ನಾನು ಮುಖ ಊದಿಸಿಕೊಂಡೆ.

‘ರೀ, ನಿಮ್ಮ ಕಾರು ಇವತ್ತಿನ್‌ವರೆಗೂ ಟಿನ್ ಫ್ಯಾಕ್ಟರಿ ಸ್ಟಾಪ್ ದಾಟಿಲ್ಲ. ಅವತ್ತೊಂದಿನ ದಾಟುತ್ತೆ ಅಂತ ಹೆಂಗ್ ನಂಬ್ಲಿ?’ ಎಂದಳು ವಿಮಲ.

‘ನಾನು ಭಾವನ ಕಾರಲ್ಲೇ ಹೋಗ್ತೀನಿ ಅಕ್ಕ’ ಎಂದಳು ಶೈಲ, ಒಳಗಿನಿಂದ. ಮದುಮಗಳ ಮಾತನ್ನು ಮೀರುವಂತಿರಲಿಲ್ಲ. ವಿಮಲ ನನ್ನನ್ನು ನೋಡಿದ ನೋಟದಲ್ಲಿ, ಆ ದಿನ ಏನಾದರೂ ಆದರೆ ಇಡೀ ಜನ್ಮ ಕ್ಷಮೆ ಇಲ್ಲ ಎಂಬುದು ಸ್ಪಷ್ಟವಾಗಿತ್ತು.

ಮದುವೆಯ ಹಿಂದಿನ ವಾರ ಅಫ್ಜಲ್ ಭಾಯಿ ಕಾರನ್ನು ಪರೀಕ್ಷಿಸಿ, ಟ್ಯಾಂಕಿನಿಂದ ಡೀಸೆಲ್ಲನ್ನು ಇಂಜಿನ್ನಿಗೆ ತಳ್ಳುವ ಸಣ್ಣ ಪಂಪು ಸೋತಿದೆ ಎಂದ. ‘ಸಾರ್, ಮೆಟಡಾರ್‌ದು ಪಂಪ್ ಹಾಕ್ಬಿಡ್ತೀನಿ. ಸೇಮ್ ಟು ಸೇಮ್. ಇಂಜಿನ್‌ಗೆ ಗೊತ್ತೇ ಆಗಲ್ಲ.’

‘ನನಗೆ ಗೊತ್ತಾಗುತ್ತಲ್ಲ ಭಾಯಿ’ ಎಂದೆ, ಬಹಳ ಗಂಭೀರವಾಗಿ. ಜರ್ಮನಿಯ ಭಾವಮೈದುನ ಬೇಸಿಗೆಗೆ ಬರುವವನಿದ್ದ. ಹೊಸ ಪಂಪನ್ನು ಅವನಿಂದಲೇ ತರಿಸುವುದೆಂದು ನಿಶ್ಚಯಿಸಿದೆ. ಅಲ್ಲಿಯವರೆಗೆ ಹಳೆಯದನ್ನೇ ಹೇಗಾದರೂ ಸಂಭಾಳಿಸೆಂದು ಹೇಳಿದೆ. ಅವನು ವಾಷರು ಬದಲಿಸಿ, ಬಟ್ಟೆಯಲ್ಲಿ ಒರೆಸಿ, ‘ಬೆಂಗಳೂರಲ್ಲೇ ನಂಬರ್ ಒನ್ ಗಾಡಿ’ ಎಂದು ಬೀಗದ ಕೈ ಕೊಟ್ಟ.

ಮದುವೆಯ ದಿನ ಬೆಳಿಗ್ಗೆ ಬೀದಿಯವರೆಲ್ಲ ಗೇಟಿಗೆ ಬಂದು ನಿಂತು ನಮ್ಮನ್ನು ಬೀಳ್ಕೊಟ್ಟರು. ಬಾನೆಟ್ಟಿಗೆ ಒಂದು ಸೇವಂತಿಗೆ ಹಾರ, ನನಗೆ ಜರಿ ಪಂಚೆ, ಹಿಂದಿನ ಸೀಟಿನ ತನ್ನ ಹಳೆಯ ಮೂಲೆಯಲ್ಲಿ ರೇಷ್ಮೆ ಸೀರೆಯುಟ್ಟ ಶೈಲ, ಅವಳ ಪಕ್ಕದಲ್ಲಿ ಧಾರೆ ಸೀರೆಯ ಪೆಟ್ಟಿಗೆಯನ್ನು ತಬ್ಬಿಕೊಂಡ ವಿಮಲ. ಕಾರು ಇಂದಿರಾನಗರ ದಾಟುವವರೆಗೆ ರಾಜಗಾಂಭೀರ್ಯದಿಂದ ಸಾಗಿತು. ನಾನು ಕನ್ನಡಿಯಲ್ಲಿ ವಿಮಲಳ ಮುಖ ನೋಡಿ ಒಂದು ಸಣ್ಣ ನಗೆ ನಕ್ಕೆ. ಆ ನಗೆಯನ್ನು ಪೂರ್ತಿ ಮುಗಿಸಲು ಕಾರು ಬಿಡಲಿಲ್ಲ.

ಕೆ.ಆರ್. ಪುರದಲ್ಲಿ ತೂಗುಸೇತುವೆ ಕಟ್ಟುತ್ತಿದ್ದ ದಿನಗಳು. ಟಿನ್ ಫ್ಯಾಕ್ಟರಿಯ ಬಳಿ ಅರ್ಧ ರಸ್ತೆ ಅಗೆದು, ಉಳಿದರ್ಧದಲ್ಲಿ ಲೋಕವೆಲ್ಲ ಸಾಗಬೇಕಾಗಿತ್ತು. ಅಲ್ಲಿ, ಎಲ್ಲಿ ನಿಲ್ಲಬಾರದೋ ಸರಿಯಾಗಿ ಅಲ್ಲಿ, ಇಂಜಿನ್ನು ಎರಡು ಸಲ ಬಿಕ್ಕಿ ನಿಂತುಬಿಟ್ಟಿತು. ನಾನಿಳಿದು ಬಾನೆಟ್ ಎತ್ತಿದೆ. ಪಂಪಿನ ತಲೆಯ ಮೇಲೊಂದು ಗುಂಡಿಯಿದೆ. ಅದನ್ನು ಕೈಯಿಂದ ಒತ್ತಿ ಒತ್ತಿ ಡೀಸೆಲ್ ಏರಿಸಬಹುದು. ಒತ್ತಿದೆ. ಸ್ಟಾರ್ಟ್ ಆಯಿತು, ಒಂದು ಮಾರು ಮುಂದೆ ಹೋಯಿತು, ನಿಂತಿತು. ಮತ್ತೆ ಒತ್ತಿದೆ. ಪಂಚೆಯ ಜರಿ ಕಪ್ಪಾಯಿತು. ಗಂಡಸರು ಸುತ್ತ ಸೇರಿದರು, ಬ್ಯಾಟರಿ ಇರಬೇಕು ಎಂದರು. ಹಿಂದೆ ಹಾರ್ನುಗಳ ಮಹಾಪೂರ. ಟ್ರಾಫಿಕ್ ಪೇದೆ ಓಡಿ ಬಂದು ನನ್ನ ಪಂಚೆ ಶಲ್ಯಗಳನ್ನು ನೋಡಿ, ‘ಏನ್ ಸ್ವಾಮಿ, ನಡುರೋಡಲ್ಲಿ ಪೂಜೆ ಇಟ್ಕೊಂಡಿದ್ದೀರಾ? ತೆಗೀರಿ ಗಾಡಿನ!’ ಎಂದ. ಮುಹೂರ್ತದ ದಿನವಾದ್ದರಿಂದ ಕೋಲಾರದ ಬಸ್ಸುಗಳು ಬಾಗಿಲಲ್ಲೂ ಜನ ಜೋತುಬಿದ್ದು ನಿಲ್ಲಿಸದೆ ಹೋಗುತ್ತಿದ್ದವು. ಖಾಲಿ ಟ್ಯಾಕ್ಸಿ ಒಂದೂ ಕಾಣಲಿಲ್ಲ. ಹೊತ್ತು ಏರುತ್ತಿತ್ತು. ವಿಮಲ ಧಾರೆ ಸೀರೆಯ ಪೆಟ್ಟಿಗೆಯ ಧೂಳನ್ನು ಸೆರಗಿನಿಂದ ಒರೆಸುತ್ತ ಕೂತಿದ್ದಳು. ಅವಳು ಬೈದಿದ್ದರೆ ನನಗೆಷ್ಟೋ ಹಗುರವಾಗುತ್ತಿತ್ತು.

ಆಗ ನಮ್ಮ ಹಿಂದೆ ಸಿಕ್ಕಿಕೊಂಡಿದ್ದ ಮೆಟಡಾರಿನ ಚಾಲಕ ಇಳಿದು ಬಂದ. ಶರಣಪ್ಪ ಎಂದು ಹೆಸರು, ಕಲಬುರಗಿ ಕಡೆಯವನು, ಕೆ.ಆರ್. ಪುರದಲ್ಲೊಂದು ಬಾಡಿಗೆ ಕೋಣೆಯಲ್ಲಿದ್ದುಕೊಂಡು ಕೋಲಾರದ ಟೊಮೇಟೊವನ್ನು ಬೆಂಗಳೂರಿಗೆ ಸಾಗಿಸುವವನು. ಈಗ ಖಾಲಿ ಕ್ರೇಟುಗಳನ್ನು ತುಂಬಿಕೊಂಡು ಕೋಲಾರಕ್ಕೆ ಹಿಂದಿರುಗುತ್ತಿದ್ದ. ‘ಏನಾಗ್ಯದ್ರಿ ಸರ?’ ಎಂದು ಬಗ್ಗಿ ನೋಡಿ, ‘ಅಯ್ಯ, ನಂದೂ ಇದೇ ಇಂಜಿನ್ ಅದ ನೋಡ್ರಿ’ ಎಂದು ನಕ್ಕ.

ಮಿತ್ರರೇ, ಆ ಗಳಿಗೆಯಲ್ಲಿ ಯಾವ ವಿವೇಕಿಗೂ ಹೊಳೆಯಬೇಕಾದದ್ದು ಒಂದು. ನನಗೆ ಹೊಳೆದದ್ದು ಇನ್ನೊಂದು. ನನ್ನ ಮಡಿ ಆ ಕ್ಷಣದಲ್ಲಿ ಬಿಟ್ಟುಹೋಯಿತು, ನಿಜ. ಆದರೆ ಅದು ಬಿಟ್ಟುಹೋದ ಜಾಗದಲ್ಲಿ ಬುದ್ಧಿ ಬಂದು ಕೂರಲಿಲ್ಲ. ನಾನು ಶರಣಪ್ಪನ ಎರಡೂ ಕೈ ಹಿಡಿದು, ಅವನ ವ್ಯಾನಿನ ಪಂಪನ್ನು ಬಿಚ್ಚಿ ನನ್ನ ಕಾರಿಗೆ ಹಾಕಿಕೊಡಬೇಕೆಂದೂ, ಕೋಲಾರ ಮುಟ್ಟಿದ ಕೂಡಲೇ ಹಿಂದೆ ಕಳಿಸಿಕೊಡುವೆನೆಂದೂ ಬೇಡಿಕೊಂಡೆ.

ಅವನು ಕಣ್ಣು ಕಣ್ಣು ಬಿಟ್ಟ. ‘ನಂದು ತಗದು ನಿಮಗ ಕೊಟ್ರ ನಾ ಏನ್ ಮಾಡ್ಲಿರಿ? ನೂಕ್ಕೋತ ಹೋಗ್ಲೇನ್ರಿ?’

ವಿಮಲ ಕಾರಿನಿಂದ ಇಳಿದಳು. ‘ರೀ, ಅವರ ಪಂಪನ್ನ ಯಾಕ್ರೀ ನಮ್ಮ ಕಾರಿಗೆ ಹಾಕ್ಬೇಕು? ನಾವೇ ಅವರ ಗಾಡೀಲಿ ಕೂತ್ರೆ ಆಗಲ್ವಾ?’ ಎಂದಳು. ಸುತ್ತ ಸೇರಿದ್ದ ಗಂಡಸರೆಲ್ಲ, ಇದು ತಮಗೂ ಈಗಷ್ಟೇ ಹೊಳೆಯಿತೆಂಬಂತೆ ತಲೆದೂಗಿದರು. ಶರಣಪ್ಪ ಆಗಲೇ ಸೀಟಿನ ಧೂಳು ಕೊಡವುತ್ತಿದ್ದ. ‘ಬರ್ರಿ ಅಕ್ಕಾರ, ಮದಿವಿ ಟೈಮಿಗಿ ಮುಟ್ಟಸ್ತೀನಿ.’

ಪೆಟ್ಟಿಗೆ ಕ್ರೇಟುಗಳ ನಡುವೆ ಸೇರಿತು. ಅಕ್ಕತಂಗಿಯರು ಹತ್ತಿ ಕೂತರು. ನಾನು ಕಾರಿನ ಬಳಿಯೇ ನಿಂತಿದ್ದೆ. ಪೇದೆ, ‘ಗಾಡಿ ಹಿಂಗೇ ಬಿಟ್ಟೋದ್ರೆ ನಾನ್ ಜವಾಬ್ದಾರನಲ್ಲ ನೋಡಿ’ ಎಂದು ಎಚ್ಚರಿಸಿದ. ಟಿನ್ ಫ್ಯಾಕ್ಟರಿಯ ನಡುರಸ್ತೆಯಲ್ಲಿ ಬಿಟ್ಟ ಕಾರು ಸಂಜೆಗೆ ಎಷ್ಟು ಉಳಿದಿರುತ್ತದೆಂಬ ಕಲ್ಪನೆ ನನ್ನನ್ನು ಹಿಡಿದು ನಿಲ್ಲಿಸಿತ್ತು. ನನ್ನ ಕೈ ಬಾನೆಟ್ಟಿನ ಮೇಲಿಂದ ಏಳಲೇ ಇಲ್ಲ. ವ್ಯಾನಿನ ಕಿಟಕಿಯಿಂದ ಶೈಲ ಇದನ್ನೆಲ್ಲ ನೋಡುತ್ತಿದ್ದಳು. ‘ಭಾವ, ನೀವು ಕಾರು ನೋಡ್ಕೊಂಡು ನಿಧಾನಕ್ಕೆ ಬನ್ನಿ. ಧಾರೆಗೆ, ಬಸ್ಸಲ್ಲಿ ಹೋಗಿರೋ ಚಿಕ್ಕಪ್ಪ ಇದ್ದಾರಲ್ಲ, ಅವರೇ ಕೂತ್ಕೊಳ್ತಾರೆ. ನಂಗೇನೂ ಬೇಜಾರಿಲ್ಲ’ ಎಂದಳು.

ಅವಳು ಅದನ್ನು ಮನಸಾರೆ ಹೇಳಿದಳು, ಅದೇ ನನ್ನನ್ನು ಕೊಂದುಹಾಕಿತು. ನನಗೆ ಬಹಳ ನಾಚಿಕೆಯಾಯಿತು. ಬೀಗದ ಕೈಯನ್ನು ಪೇದೆಯ ಅಂಗೈಯಲ್ಲಿಟ್ಟು, ‘ಎಲ್ಲಿಗಾದ್ರೂ ತಳ್ಳಿಸಿಬಿಡಿ ಸಾರ್’ ಎಂದವನೇ ಓಡಿ ಹೋಗಿ ವ್ಯಾನು ಹತ್ತಿದೆ.

ಮೆಟಡಾರಿನೊಳಗೆ ನೀವು ಕೂತಿದ್ದರೆ ನಿಮಗೆ ಗೊತ್ತಿರುತ್ತದೆ: ಅದರ ಇಂಜಿನ್ನು ಮುಂದಿನ ಎರಡು ಸೀಟುಗಳ ಮಧ್ಯೆ ಒಂದು ಮುಚ್ಚಳದ ಕೆಳಗಿರುತ್ತದೆ. ಉಳಿದಿದ್ದ ಜಾಗ ಅದೊಂದೇ. ಗೋಣಿಚೀಲ ಮಡಿಸಿ ಹಾಕಿಕೊಂಡು ನಾನು ಆ ಮುಚ್ಚಳದ ಮೇಲೆ ಆಸೀನನಾದೆ. ಹೊಸಕೋಟೆ ದಾಟಿತು, ನರಸಾಪುರ ದಾಟಿತು. ಕೆಳಗಿನಿಂದ ಕಾವು ಏರುತ್ತಿತ್ತು. ಆ ಸದ್ದು, ಆ ನಡುಕ, ಆ ವಾಸನೆ, ಎಲ್ಲವೂ ನನ್ನ ಕಾರಿನವೇ. ವ್ಯತ್ಯಾಸವೆಂದರೆ ಇದು ನಿಲ್ಲುತ್ತಿರಲಿಲ್ಲ. ಟೊಮೇಟೊ ರಸ, ಕೆಸರು, ಎಣ್ಣೆ ಮೆತ್ತಿಕೊಂಡು, ಒಂದು ದಿನವೂ ಮಡಿಯಲ್ಲಿರದ ಆ ಇಂಜಿನ್ನು ಒಂದು ಏರಿನಲ್ಲೂ ಏದುಸಿರು ಬಿಡಲಿಲ್ಲ. ನನ್ನ ಇಷ್ಟು ವರ್ಷದ ತಪಸ್ಸಿನಲ್ಲಿ ಆ ಜರ್ಮನ್ ಇಂಜಿನ್ನು ತಡೆಯಿಲ್ಲದೆ ಹಾಡುವುದನ್ನು ಕೇಳಿದ್ದು ಅದೇ ಮೊದಲು, ಅದೂ ಅದರ ತಲೆಯ ಮೇಲೆ ಕೂತು. (ಬೇಸಿಗೆಯಲ್ಲಿ ಜರ್ಮನಿಯ ಪಂಪು ಬಂತು. ಅಷ್ಟರಲ್ಲಿ ನನ್ನ ಕಾರು ವ್ಯಾನಿನ ಪಂಪು ಹಾಕಿಸಿಕೊಂಡು ಕೋಲಾರಕ್ಕೆ ಎಷ್ಟೋ ಸಲ ಹೋಗಿಬಂದಿತ್ತು. ಜರ್ಮನಿಯದು ಈಗಲೂ ನಮ್ಮ ಷೋಕೇಸಿನಲ್ಲಿ, ಚನ್ನಪಟ್ಟಣದ ಬೊಂಬೆಗಳ ಪಕ್ಕದಲ್ಲಿದೆ.)

‘ಎಷ್ಟ್ ಚೆನ್ನಾಗಿ ಓಡ್ತಿದೆ ನೋಡು, ಇದು ನಮ್ಮ ಇಂಜಿನ್ನೇ’ ಎಂದೆ ವಿಮಲಳಿಗೆ, ತಡೆಯಲಾರದೆ.

‘ಸದ್ಯ, ನಿಮ್ಮ ಕೈಗೆ ಸಿಕ್ಕಿಲ್ಲ’ ಎಂದಳು ಅವಳು. ಶೈಲ ಗಟ್ಟಿಯಾಗಿ ನಕ್ಕಳು. ಅವಳ ಹಿಂದೆಯೇ ವಿಮಲಳೂ, ಬೆಳಗಿನಿಂದ ಮೊದಲ ಬಾರಿಗೆ.

ಛತ್ರದ ಬಾಗಿಲಲ್ಲಿ ಗಂಡಿನ ಕಡೆಯವರು ಕಳಶ ಹಿಡಿದು, ವಾಲಗದವರನ್ನು ನಿಲ್ಲಿಸಿಕೊಂಡು ನಮ್ಮನ್ನು ಎದುರುಗೊಳ್ಳಲು ಕಾದಿದ್ದರು. ಬೆಂಗಳೂರಿನಿಂದ ಹೆಣ್ಣು ಜರ್ಮನ್ ಕಾರಿನಲ್ಲಿ ಬಂದಿಳಿಯುತ್ತಾಳೆಂದು ಊರಿಗೆಲ್ಲ ಹೇಳಿಟ್ಟಿದ್ದರಂತೆ. ಟೊಮೇಟೊ ವ್ಯಾನು ಬಂದು ನಿಂತಾಗ ಯಾರೋ ಅದನ್ನು ಹಿಂದಿನ ಅಡುಗೆಯವರ ಬಾಗಿಲಿಗೆ ಹೋಗೆಂದು ಕೈ ಮಾಡಿದರು. ಅದರಿಂದ ಮದುಮಗಳು ಇಳಿದಳು, ಅಕ್ಕ ಇಳಿದಳು, ಕೊನೆಗೆ ಹಿಂಭಾಗದಲ್ಲಿ ಗೋಣಿಚೀಲದ ಗೆರೆಗಳು ಮೂಡಿದ್ದ ಪಂಚೆಯಲ್ಲಿ ಕನ್ಯಾದಾನದ ಯಜಮಾನ ಇಳಿದ. ವಾಲಗ ಒಂದು ಕ್ಷಣ ತಡವರಿಸಿ ಮತ್ತೆ ಹಿಡಿದುಕೊಂಡಿತು.

ಮುಹೂರ್ತ ತಪ್ಪಲಿಲ್ಲ. ವಿಮಲ ತಂಬಿಗೆಯಿಂದ ನೀರು ಬಿಡುತ್ತಿದ್ದಳು. ಶೈಲಳ ಕೈ ನನ್ನ ಕೈಯಲ್ಲಿತ್ತು. ಎಷ್ಟು ಸೋಪು ಹಾಕಿ ತೊಳೆದರೂ ನನ್ನ ಕೈಯ ಡೀಸೆಲ್ ವಾಸನೆ ಹೋಗಿರಲಿಲ್ಲ. ಆ ಪವಿತ್ರ ಗಳಿಗೆಯಲ್ಲಿ ಕಾರಿನ ನೆನಪೇ ಬರಲಿಲ್ಲವೆಂದು ಬರೆದುಕೊಳ್ಳಲು ನನಗೆ ಬಹಳ ಆಸೆ. ಬಂದಿತ್ತು. ಪುರೋಹಿತರು ಗೋತ್ರ ಹೇಳುತ್ತಿದ್ದಾಗ ನಾನು ಟಿನ್ ಫ್ಯಾಕ್ಟರಿಯಲ್ಲಿದ್ದೆ. ಆಗ ಶೈಲ, ಬಗ್ಗಿಸಿದ ತಲೆಯನ್ನು ಎತ್ತದೆ, ನನಗಷ್ಟೇ ಕೇಳುವಂತೆ ಪಿಸುಗುಟ್ಟಿದಳು: ‘ಭಾವ, ಕಾರಿನ ಕಿಟಕಿ ಏರಿಸಿದ್ರಾ? ಮೋಡ ಆಗಿದೆ.’

ಏರಿಸಿರಲಿಲ್ಲ. ‘ಏರಿಸಿದ್ದೀನಮ್ಮ’ ಎಂದೆ. ‘ಹೇಳಿ ಯಜಮಾನರೇ, ಮಂತ್ರ ಹೇಳಿ, ಹೊತ್ತು ಮೀರ್ತಿದೆ’ ಎಂದು ಪುರೋಹಿತರು ಅವಸರಪಡಿಸಿದರು, ವಿಮಲ ಮೊಣಕೈಯಿಂದ ತಿವಿದಳು; ನಾನು ಮಂತ್ರ ಬಿಟ್ಟು ಶೈಲಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.